ಹಾಲು ಉಕ್ಕಿಸಿದ ಮೇಲೆ

ಮೊನ್ನೆ ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲನ್ನು ಮರೆತು ಸೊಪ್ಪಿನವಳ ಜೊತೆ ಬಾಗಿಲಲ್ಲಿ ಮಾತಿಗೆ ನಿಂತುಬಿಟ್ಟೆ. ಒಳಗೆ ಬರುವಷ್ಟರಲ್ಲಿ ಹಾಲು ಉಕ್ಕಿ, ಬರ್ನರಿನ ಸುತ್ತ ಸೀದು, ಅಡುಗೆಮನೆಯೆಲ್ಲ ಆ ವಾಸನೆ. ಬೇರೆ ಅತ್ತೆಯಾಗಿದ್ದರೆ ಒಂದು ಮಾತು ಅನ್ನುತ್ತಿದ್ದರು. ನಮ್ಮ ಅತ್ತೆ ನಡುಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದವರು ಒಮ್ಮೆ ತಲೆ ಎತ್ತಿದರು, ನನ್ನ ಮುಖ ನೋಡಿದರು, ಮತ್ತೆ ಹುರುಳಿಕಾಯಿಯ ಕಡೆ ತಿರುಗಿದರು. ಒರೆಸುವ ಬಟ್ಟೆ ಹಿಡಿದು ಒಲೆಯ ಮುಂದೆ ನಿಂತ ನನಗೂ ಅವರಿಗೂ ಒಂದೇ ದಿನ ನೆನಪಾಗಿತ್ತು.

ಸೋಲದೇವನಹಳ್ಳಿಯ ಈ ಬಾಡಿಗೆ ಮನೆಗೆ ನಾವು ಬಂದು ಎರಡು ವರ್ಷವಾಗುತ್ತಾ ಬಂತು. ಮೇಲಿನ ಮಹಡಿಯಲ್ಲಿ ನರ್ಸಿಂಗ್ ಓದುವ ಹುಡುಗಿಯರು, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಇಲ್ಲಿಗೆ ಬರುವ ಯೋಚನೆ ನಮಗೆ ಕನಸಿನಲ್ಲೂ ಇರಲಿಲ್ಲ. ನಾವು ಹೋಗಬೇಕಾಗಿದ್ದದ್ದು ಯಲಹಂಕಕ್ಕೆ, ಪುಟ್ಟೇನಹಳ್ಳಿ ಕೆರೆಯ ಆಚೆ ಬದಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಗೆ. ಆ ಫ್ಲಾಟನ್ನು ನಾವು ಕೊಂಡಿದ್ದು ಒಂದು ನಕ್ಷೆಯನ್ನೂ, ಗಾಜಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಮರಗಳನ್ನೂ ನೋಡಿ. ನನ್ನ ಗಂಡ ಮೋಹನ್ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಾಮಾನು ಖರೀದಿಯ ವಿಭಾಗದಲ್ಲಿದ್ದಾರೆ. ಒಂದು ಬೋಲ್ಟ್ ಕೊಳ್ಳಬೇಕಾದರೂ ಬೆಳಕಿಗೆ ಹಿಡಿದು ತಿರುಗಿಸಿ ನೋಡುವ ಮನುಷ್ಯ. ಅಂಥವರೂ ಅವತ್ತು ಆ ಪುಟ್ಟ ಪ್ಲಾಸ್ಟಿಕ್ ಮರಗಳ ಮೇಲೆ ಬಗ್ಗಿ, "ನಮ್ಮನೆ ಬಾಲ್ಕನಿ ಯಾವ್ದು?" ಎಂದು ಮಗುವಿನ ಹಾಗೆ ಕೇಳಿದ್ದರು.

ಮನೆ ಬೇಕಾಗಿದ್ದದ್ದು ನಮಗಿಂತ ಹೆಚ್ಚಾಗಿ ಅತ್ತೆಗೆ. ಮದುವೆಯಾಗಿ ಬಂದಾಗ ಯಶವಂತಪುರದ ವಠಾರ, ಆಮೇಲೆ ಮತ್ತೀಕೆರೆ, ಮಾವ ಹೋದ ಮೇಲೆ ನಮ್ಮ ಜೊತೆ ಆರ್.ಟಿ. ನಗರ. ಎಲ್ಲ ಕಡೆಯೂ ಗೋಡೆಗೊಂದು ಮೊಳೆ ಹೊಡೆಯಬೇಕಾದರೆ ಓನರನ್ನು ಕೇಳಿಯೇ ಹೊಡೆದವರು. ಬಾಯಿಬಿಟ್ಟು ಏನನ್ನೂ ಬೇಡದ ಹೆಂಗಸು, ಫ್ಲಾಟು ಬುಕ್ ಮಾಡಿದ ದಿನ ಮಾತ್ರ ನನ್ನ ಕೈ ಹಿಡಿದುಕೊಂಡು, "ಕಾಲು ಗಟ್ಟಿ ಇರೋವಾಗ್ಲೇ ಹೋಗ್ಬಿಡೋಣ ಕಣೇ ಶೀಲಾ. ಒಂದು ವರ್ಷವಾದ್ರೂ ನಮ್ಮನೇಲಿ ಅಂತ ಇರ್ಬೇಕು" ಎಂದರು.

ಯುಗಾದಿಗೆ ಕೊಡುತ್ತೇವೆ ಎಂದಿದ್ದ ಮನೆ ಯುಗಾದಿಗೆ ಆಗಲಿಲ್ಲ. ಅಕ್ಷಯ ತೃತೀಯಕ್ಕೆ ಎಂದರು, ಅದೂ ಹೋಯಿತು. ನಮ್ಮ ಪುರೋಹಿತರು ಪಂಚಾಂಗ ತಿರುವಿ ಹಾಕಿ, ಜ್ಯೇಷ್ಠದ ಕೊನೆಗೊಂದು ಒಳ್ಳೆಯ ಮುಹೂರ್ತ ಇದೆ, ಅದು ಬಿಟ್ಟರೆ ಆಷಾಢ, ಆಮೇಲೆ ಈ ವರ್ಷ ಮೋಹನ್ ನಕ್ಷತ್ರಕ್ಕೆ ಯಾವುದೂ ಸರಿಯಾಗಿ ಕೂಡುವುದಿಲ್ಲ ಎಂದರು. ಅತ್ತೆಯ ಮುಖ ಸಣ್ಣಗಾಯಿತು. ನಾನೇ ಬಿಲ್ಡರ್ ಕಡೆಯ ಕಿರಣನಿಗೆ ಫೋನು ಮಾಡಿದೆ. ಕಿರಣ್ ಎಂದರೆ ನಮಗೆ ಫ್ಲಾಟ್ ಮಾರಿದ ಹುಡುಗ. ಸದಾ ಇಸ್ತ್ರಿಯ ಅಂಗಿ, ಸದಾ ನಗುಮುಖ, ಯಾವತ್ತೂ ಇಲ್ಲ ಎನ್ನದ ಬಾಯಿ.

"ಅಯ್ಯೋ ಮೇಡಂ, ಅದಕ್ಯಾಕೆ ಟೆನ್ಷನ್? ಪೂಜೆ ಮಾಡ್ಕೊಂಬಿಡಿ. ನಮ್ಮ ಎಲ್ಲಾ ಪ್ರಾಜೆಕ್ಟಲ್ಲೂ ಹಿಂಗೇ ಮಾಡೋದು. ಮುಹೂರ್ತಕ್ಕೆ ಹಾಲು ಉಕ್ಕಿಸಿ ಬಿಡ್ತಾರೆ, ಫಿನಿಶಿಂಗ್ ಆದ್ಮೇಲೆ ನಿಧಾನಕ್ಕೆ ಶಿಫ್ಟ್ ಆಗ್ತಾರೆ. ಅಜ್ಜೀಗೆ ಹೇಳಿ, ನಾನೇ ನಿಂತು ಮಾಡಿಸ್ತೀನಿ ಅಂತ."

ಅವನು ಹೇಳಿದ್ದು ಸುಳ್ಳೂ ಅಲ್ಲ. ನಮ್ಮ ಊರಿನಲ್ಲಿ ಬಣ್ಣ ಕಾಣದ ಮನೆಗಳಿಗೆ, ಕಿಟಕಿ ಕೂರದ ಮನೆಗಳಿಗೆ ಗೃಹಪ್ರವೇಶವಾಗುವುದನ್ನು ಎಷ್ಟೋ ಸಲ ನೋಡಿ, ಊಟ ಮಾಡಿ ಬಂದಿದ್ದೇವೆ. ಮುಹೂರ್ತ ಕಾಯುವುದಿಲ್ಲ, ಗಾರೆ ಕೆಲಸ ಕಾಯುತ್ತದೆ. ನಾವೂ ಕಾರ್ಡು ಅಚ್ಚು ಹಾಕಿಸಿದೆವು. ಆರ್.ಟಿ. ನಗರದ ನಮ್ಮ ಮನೆಯ ಓನರ್ ರಾಜಣ್ಣನವರಿಗೆ ತಟ್ಟೆಯಲ್ಲಿ ಹಣ್ಣು, ಅರಿಶಿನ ಕುಂಕುಮ ಇಟ್ಟು ಮೊದಲ ಕಾರ್ಡು ಕೊಟ್ಟೆವು. ಅವರು ಕನ್ನಡಕ ಏರಿಸಿ ಕಾರ್ಡನ್ನು ಎರಡು ಸಲ ಓದಿ, "ಬಾಡಿಗೆದಾರರು ಸ್ವಂತ ಮನೆ ಮಾಡಿದ್ರೆ ಓನರ್‌ಗೂ ಪುಣ್ಯ ಬರ್ತದಮ್ಮ" ಎಂದರು.

ಆ ದಿನ ಬೆಳಗಿನ ಜಾವದಿಂದಲೇ ಜಿನುಗು ಮಳೆ. ಗೇಟಿನಿಂದ ಕಟ್ಟಡದವರೆಗೆ ಕೆಸರಿನ ಮೇಲೆ ಸೆಂಟ್ರಿಂಗ್ ಹಲಗೆಗಳನ್ನು ಹಾಸಿದ್ದರು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಒಬ್ಬೊಬ್ಬರಾಗಿ ಅದರ ಮೇಲೆ ನಡೆದು ಬಂದರು. ಲಿಫ್ಟಿನ ಜಾಗದಲ್ಲಿ ಆಳವಾದ ಗುಂಡಿ, ಅದಕ್ಕೆ ಅಡ್ಡವಾಗಿ ಒಂದು ಹಗ್ಗ. ಮೊದಲು ಮನೆಯೊಳಗೆ ಹೋಗಬೇಕಾದ ಹಸು ಮೆಟ್ಟಿಲ ಮುಂದೆ ನಿಂತು ಒಂದು ಹೆಜ್ಜೆಯೂ ಏರಲಿಲ್ಲ. "ನಾಲ್ಕನೇ ಮಹಡೀಗೆ ನಾನೇ ಹತ್ತಲ್ಲ ಸ್ವಾಮಿ, ಇನ್ನು ಅದು ಹತ್ತುತ್ತಾ?" ಎಂದು ಹಸುವಿನವನು ಗೊಣಗಿದ. ಪುರೋಹಿತರು, ಪಾರ್ಕಿಂಗಿನಲ್ಲೇ ಪೂಜೆ ಮಾಡಿದರೂ ಫಲ ಒಂದೇ ಎಂದು ಹೇಳಿ, ಸಿಮೆಂಟ್ ಮೂಟೆಗಳ ಪಕ್ಕದಲ್ಲಿ ಅದಕ್ಕೆ ಅಕ್ಕಿ ಬೆಲ್ಲ ತಿನ್ನಿಸಿ ಕಳಿಸಿದರು.

ಅತ್ತೆ ಮಾತ್ರ ಏನನ್ನೂ ಗಮನಿಸಲಿಲ್ಲ. ಪಾಲಿಶ್ ಕಾಣದ ಕಪ್ಪು ಕಲ್ಲಿನ ಕಟ್ಟೆಯ ಮೇಲೆ ನಾವು ತಂದಿದ್ದ ಒಲೆ ಇಟ್ಟು, ಹೊಸ ಪಾತ್ರೆಯಲ್ಲಿ ಹಾಲು ಕಾಯಲು ಬಿಟ್ಟು, ಕೈಮುಗಿದು ನಿಂತಿದ್ದರು. ಹಾಲು ಪೂರ್ವಕ್ಕೆ ಉಕ್ಕಿತು. "ಪೂರ್ವಕ್ಕೆ! ಪೂರ್ವಕ್ಕೆ!" ಎಂದು ಎಲ್ಲರೂ ಸಂಭ್ರಮಪಟ್ಟರು. ಆ ಕಟ್ಟೆಯ ಇಳಿಜಾರೇ ಪೂರ್ವಕ್ಕಿತ್ತು ಎನ್ನುವುದು ನನ್ನ ಕಣ್ಣಿಗೆ ಬಿದ್ದಿತ್ತು, ಹೇಳಲಿಲ್ಲ. ಅಡುಗೆಮನೆಯ ಕಿಟಕಿ ಕೆರೆಯ ಕಡೆಗಲ್ಲ, ಪೈಪುಗಳಿಳಿಯುವ ಕತ್ತಲ ಸಂದಿಯ ಕಡೆಗೆ ತೆರೆಯುತ್ತದೆ ಎಂಬುದನ್ನೂ ಹೇಳಲಿಲ್ಲ.

ಕಿರಣ್ ಹೇಳಿದ ಹಾಗೇ ಬಂದ. ಬರುವಾಗ ಒಬ್ಬ ಫೋಟೋಗ್ರಾಫರನ್ನೂ, ಎರಡು ಮೊಳ ಉದ್ದದ, ಚಿನ್ನದ ಬಣ್ಣ ಬಳಿದ ಥರ್ಮೋಕೋಲಿನ ಬೀಗದ ಕೈಯನ್ನೂ ತಂದಿದ್ದ. "ಕಂಪನಿ ಕಡೆಯಿಂದ ಸಾರ್, ಮೆಮೊರಿಗೆ!" ಎಂದು ಅತ್ತೆಯ ಕೈಗೆ ಕೊಟ್ಟ. ಅತ್ತೆ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು. ನಾವಿಬ್ಬರೂ ಅಕ್ಕಪಕ್ಕ ನಿಂತೆವು. ಅವರ ನಗು ಎಷ್ಟು ದೊಡ್ಡದಿತ್ತೆಂದರೆ ಕಟ್ಟಿಸಿದ ಹಲ್ಲು ಕಾಣಬಾರದೆಂದು ಯಾವಾಗಲೂ ಬಾಯಿಗೆ ಅಡ್ಡ ಹಿಡಿಯುವ ಸೆರಗನ್ನೂ ಮರೆತಿದ್ದರು. ಫೋಟೋ ಆದ ಮೇಲೆ ಕಿರಣ್ ಆ ಥರ್ಮೋಕೋಲಿನ ಕೈಯನ್ನು ವಾಪಸು ಇಸಿದುಕೊಂಡ, ಮುಂದಿನವರಿಗೆ ಬೇಕಂತೆ. ಊಟ ಮುಗಿದು ಹೊರಡುವಾಗ ನಿಜವಾದ ಬೀಗದ ಕೈಯನ್ನೂ ಇಸಿದುಕೊಂಡ. "ಒಳಗಡೆ ಸಣ್ಣಪುಟ್ಟ ಕೆಲಸ ಇದೆಯಲ್ಲ ಮೇಡಂ, ಸೈಟ್ ಆಫೀಸಲ್ಲಿರುತ್ತೆ."

ಗೃಹಪ್ರವೇಶದ ರಾತ್ರಿ ಆ ಮನೆಯಲ್ಲೇ ಮಲಗಬೇಕು. ನಲ್ಲಿಯಲ್ಲಿ ನೀರಿಲ್ಲದ, ಹೊರಗಿನಿಂದ ಎಳೆದ ಒಂದು ವೈರಿಗೆ ಒಂದು ಬಲ್ಬು ನೇತಾಡುವ ಮನೆಯಲ್ಲಿ ಮಲಗುವುದು ಹೇಗೆ? ಅತ್ತೆ ಕಾರಿನಲ್ಲಿ ಕೂತು ಹಿಂತಿರುಗಿ ನೋಡುತ್ತಿದ್ದರು. "ಹಾಲು ಉಕ್ಕಿಸಿದ ಮನೇನ ಕತ್ತಲೆ ಬಿಡಬಾರ್ದು ಕಣೋ" ಎಂದು ಮೋಹನ್‌ಗೆ ಹೇಳಿದರು. "ಇನ್ನೇನಮ್ಮ, ಶ್ರಾವಣಕ್ಕೆ ಬಂದ್ಬಿಡ್ತೀವಲ್ಲ" ಎಂದರು ಇವರು.

ಹಾಗೆ ಶುರುವಾದವು ನಮ್ಮ ಶುಕ್ರವಾರಗಳು. ಇಡೀ ಆಷಾಢ ನಾನೂ ಅತ್ತೆಯೂ ಬಸ್ಸು ಹತ್ತಿ ಹೆಬ್ಬಾಳದ ಮೇಲೆ ಯಲಹಂಕಕ್ಕೆ ಹೋಗಿ, ಆಟೋದಲ್ಲಿ ಸೈಟಿಗೆ ಬಂದು, ಸೈಟ್ ಆಫೀಸಿನಲ್ಲಿ ಬೀಗದ ಕೈ ಕೇಳಿ ಪಡೆದು, ಸಂಜೆಯ ದೀಪ ಹಚ್ಚಿ, ಅದನ್ನು ತಿರುಗಿ ಕೊಟ್ಟು ವಾಪಸಾಗುತ್ತಿದ್ದೆವು. ಗೇಟಿನ ಸೆಕ್ಯುರಿಟಿಯವನು ನಮಗೆ ಹಳದಿ ಹೆಲ್ಮೆಟ್ ಕೊಡದೆ ಒಳಗೆ ಬಿಡುತ್ತಿರಲಿಲ್ಲ. ಮಡಿಸೀರೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು, ಕೈಯಲ್ಲಿ ಎಣ್ಣೆಯ ಶೀಶೆ ಹಿಡಿದು, ಕಂಬಿಯಿಲ್ಲದ ಮೆಟ್ಟಿಲನ್ನು ಗೋಡೆ ತಡವಿ ಹತ್ತುವ ಅತ್ತೆಯನ್ನು ನೋಡಿ ಮೊದಲ ಶುಕ್ರವಾರ ನನಗೆ ನಗು ತಡೆಯಲಾಗಲಿಲ್ಲ. "ನಗು, ನಗು. ದೇವ್ರು ಗುರುತು ಹಿಡೀದೆ ಇಂಜಿನಿಯರ್ ಬಂದ್ಲು ಅನ್ಕೊಂಡಿರ್ತಾನೆ" ಎಂದು ಅವರೂ ನಕ್ಕರು.

ವಾಯುಪಡೆಯ ವಿಮಾನಗಳು ತಲೆಯ ಮೇಲೆ ಹಾರಿ ಹೋದಾಗ ಖಾಲಿ ಕೋಣೆಗಳು ಗುಂಯ್ಗುಡುತ್ತಿದ್ದವು. ಪ್ರತಿ ವಾರವೂ ನಾನು ಗಮನಿಸುತ್ತಿದ್ದೆ: ಯಾವ ಕೆಲಸವೂ ಮುಂದುವರಿದಿರಲಿಲ್ಲ. ಬಚ್ಚಲಿನ ಟೈಲ್ಸು ಅರ್ಧಕ್ಕೆ ನಿಂತದ್ದು ನಿಂತೇ ಇತ್ತು. ಮಳೆ ಜೋರಾದ ವಾರ ಬಾಲ್ಕನಿಯ ನೀರು ಹೊರಗೆ ಹೋಗುವ ಬದಲು ಒಳಗೆ ಬಂದು ನಡುಮನೆಯಲ್ಲಿ ಹರಡಿ ನಿಂತಿತ್ತು. ಎದುರಿನ ಫ್ಲಾಟು ಕೊಂಡಿದ್ದ ಶಾಹೀನಾ ಕೂಡ ಆವತ್ತು ತನ್ನ ಮನೆ ನೋಡಲು ಬಂದಿದ್ದಳು. ನನ್ನ ಕೈಯಲ್ಲಿದ್ದ ಪೊರಕೆ ನೋಡಿ, "ಬಾಲ್ಕನೀಲಿ ನಿಂತ್ರೆ ಕೆರೆ ಕಾಣ್ತದೆ ಅಂತ ಹೇಳಿದ್ರು ನಮ್ಗೆ, ಶೀಲಕ್ಕಾ. ನಿಮ್ಗೆ ಕೆರೇನೇ ಮನೆಗೆ ತಂದ್ ಕೊಟ್ಟವ್ರೆ ನೋಡಿ" ಎಂದಳು. ಅವಳ ಮನೆಯಲ್ಲಿ ಮಾತ್ರ ಇಬ್ಬರು ಟೈಲ್ಸ್ ಕೂರಿಸುತ್ತಿದ್ದರು. ಅವಳಿಗೂ ಅದು ಆಶ್ಚರ್ಯವೇ.

ಶ್ರಾವಣ ಬಂತು. ಒಂದು ಶುಕ್ರವಾರ ಸೆಕ್ಯುರಿಟಿಯವನು ನಮ್ಮನ್ನು ಒಳಗೆ ಬಿಡಲಿಲ್ಲ. ಆಫೀಸಿನಿಂದ ಹೇಳಿಸದೆ ಯಾರನ್ನೂ ಬಿಡಬಾರದೆಂದು ಆರ್ಡರ್ ಆಗಿದೆಯಂತೆ. ಮಳೆಯಲ್ಲಿ ಗೇಟಿನ ಮುಂದೆ ನಿಂತು ಫೋನು ಮಾಡಿದರೆ ಕಿರಣ್ ಎತ್ತಲಿಲ್ಲ. ಅತ್ತೆ ಎಣ್ಣೆಯ ಶೀಶೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಹೋಗ್ಲಿ ಬಾ, ಪಾಪ ಅವ್ನಿಗೇನು ಗೊತ್ತು" ಎಂದರು. ಅದೇ ಸಂಜೆ ವಾಪಸು ಬರುವಾಗ, ದೊಡ್ಡಬಳ್ಳಾಪುರ ರಸ್ತೆಯ ತಿರುವಿನಲ್ಲಿ ಆ ಫ್ಲೆಕ್ಸ್ ಕಂಡಿತು. ಎರಡಾಳೆತ್ತರದ ನಾವು ಮೂವರು. ನಡುವೆ ಚಿನ್ನದ ಬೀಗದ ಕೈ ಎತ್ತಿಕೊಂಡ ಅತ್ತೆ, ಬಾಯ್ತುಂಬ ನಗು. ಕೆಳಗೆ ದಪ್ಪ ಅಕ್ಷರದಲ್ಲಿ: ನಾವು ನೆಲೆಸಿದ್ದೇವೆ, ನೀವು ಯಾವಾಗ?

ಆಟೋದವನು ಫ್ಲೆಕ್ಸನ್ನೂ ಕನ್ನಡಿಯಲ್ಲಿ ನಮ್ಮನ್ನೂ ನೋಡಿ, "ಓಹೋ, ನೀವೇನಾ ಅಮ್ಮ? ಹೆಂಗಿದೆ ಅಪಾರ್ಟ್‌ಮೆಂಟು? ನಮ್ ಭಾವನೂ ನೋಡ್ತಾವ್ರೆ" ಎಂದ. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

ಮುಂದಿನ ಶನಿವಾರ ನಾನೂ ಮೋಹನ್‌ರೂ ಹೆಬ್ಬಾಳದ ಅವರ ಆಫೀಸಿಗೆ ಹೋದೆವು. ಎ.ಸಿ.ಯ ಚಳಿ, ಕಾಗದದ ಲೋಟದಲ್ಲಿ ಕಾಫಿ. ನನಗೆ ಜಗಳವಾಡಲು ಬರುವುದಿಲ್ಲ. ಎದುರಿನವರ ಮಾತು ಮುಗಿಯುವವರೆಗೆ ಕಾಯಬೇಕು, ದನಿ ಏರಿಸಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹತ್ತು ವರ್ಷ ಕಲಿಸಿದ್ದು ಮೈಗೆ ಹತ್ತಿಬಿಟ್ಟಿದೆ. ಕಿರಣನಂಥವರ ಮಾತು ಮುಗಿಯುವುದೇ ಇಲ್ಲ ಎಂಬುದನ್ನು ಅವರು ಕಲಿಸಿರಲಿಲ್ಲ.

"ಲಿಫ್ಟ್ ಎಲ್ರೀ?" ಎಂದರು ಮೋಹನ್.

"ಬಂದಿದೆ ಸಾರ್."

"ಎಲ್ಲಿ?"

"ಬಾಕ್ಸಲ್ಲಿದೆ ಸಾರ್. ಬಿಚ್ಚಬೇಕು ಅಷ್ಟೆ."

"ನಮ್ಮ ಬಾತ್‌ರೂಮಿಗೆ ಯಾಕೆ ಯಾರೂ ಬರ್ತಿಲ್ಲ? ಎದುರು ಫ್ಲಾಟಲ್ಲಿ ಕೆಲಸ ನಡೀತಿದೆ, ನಾವೇ ನೋಡಿದ್ದೀವಿ."

ಕಿರಣ್ ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದ. ಅವನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಸ್ವಲ್ಪ ಆಚೆ ಸರಿಯಿತು. "ಸಾರ್, ಸಿಸ್ಟಮಲ್ಲಿ ನಿಮ್ಮ ಫ್ಲಾಟು ಕ್ಲೋಸ್ ಆಗ್ಬಿಟ್ಟಿದೆ. ಗೃಹಪ್ರವೇಶ ಆಯ್ತಲ್ಲ, ಹ್ಯಾಂಡೋವರ್ ಅಂತ ಹಾಕಿದ್ದಾರೆ. ಈಗ ಯಾರದ್ದು ಆಗಿಲ್ವೋ ಅವರದ್ದು ಮೊದಲು ಮಾಡ್ತಿದ್ದಾರೆ."

"ನೀವೇ ತಾನೆ ಪೂಜೆ ಮಾಡ್ಕೊಳ್ಳಿ ಅಂದಿದ್ದು?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಖಂಡಿತ ಮೇಡಂ. ನಿಮ್ಮ ಸೆಂಟಿಮೆಂಟಿಗೆ ನಾವು ಸಪೋರ್ಟ್ ಮಾಡಿದ್ವಿ."

ಮೋಹನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ರೇರಾಗೆ ದೂರು ಕೊಡ್ತೀನಿ, ಕೋರ್ಟಿಗೆ ಹೋಗ್ತೀನಿ ಎಂದು ಕೂಗಾಡಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರು ಹೊರಗಿನವರ ಮುಂದೆ ಕೂಗಿದ್ದನ್ನು ನಾನು ನೋಡಿದ್ದು ಅವತ್ತೇ. ಕಿರಣ್ ಕೈಕಟ್ಟಿಕೊಂಡು ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ, "ಕೊಡಿ ಸಾರ್, ನಿಮ್ಮ ಹಕ್ಕು ಅದು. ಆದ್ರೆ ಕಂಪನಿಯವರು ಅಲ್ಲೂ ನಿಮ್ಮ ಫೋಟೋನೇ ತೋರಿಸ್ತಾರೆ" ಎಂದ. ನಾವು ಎದ್ದು ಬರುವಾಗ ಒಳಗಿನ ಕೋಣೆಯಲ್ಲಿ ಯಾರೋ ಹೊಸ ಗಂಡ ಹೆಂಡತಿ ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ ನೋಡುತ್ತಿದ್ದರು. ಅವರಿಗೆ ಒಂದು ಮಾತು ಹೇಳಬೇಕೆನಿಸಿತು. ಅಷ್ಟರಲ್ಲಿ ಮೋಹನ್ ಬಾಗಿಲು ದೂಡಿ ಹೊರಗೆ ನಡೆದಿದ್ದರು, ನಾನೂ ಹಿಂದೆಯೇ ಹೋದೆ. ದೂರನ್ನೇನೋ ಇವರು ಕೊಟ್ಟರು. ಅದು ಇವತ್ತಿಗೂ ನಡೆಯುತ್ತಿದೆ.

ಕಷ್ಟ ಅಲ್ಲಿಗೇ ನಿಲ್ಲಲಿಲ್ಲ. ಗೌರಿ ಹಬ್ಬದ ಬಾಗಿನ ಕೊಡಲು ರಾಜಣ್ಣನವರ ಮನೆಗೆ ಹೋದಾಗ ಅವರು ನಮ್ಮನ್ನು ಕೂರಿಸಿ, ಕೋಸಂಬರಿ ಕೊಡಿಸಿ, "ಮತ್ತೆ ಯಾವಾಗ ಹೊರಡೋದು?" ಎಂದು ಕೇಳಿದರು. ನಾನು ಅರ್ಥವಾಗದೆ ಅವರ ಹೆಂಡತಿಯ ಮುಖ ನೋಡಿದೆ.

"ಅಲ್ಲಮ್ಮ, ಗೃಹಪ್ರವೇಶ ಆಯ್ತು, ನಾನೇ ಬಂದು ಊಟ ಮಾಡ್ಕೊಂಡು ಬಂದೆ. ರೋಡಲ್ಲಿ ನಿಮ್ ಫೋಟೋನೂ ನೋಡ್ದೆ. ನನ್ ತಮ್ಮನ ಮಗನಿಗೆ ಈ ಮನೆ ಕೊಡ್ತೀನಿ ಅಂತ ಮಾತ್ ಕೊಟ್ಬಿಟ್ಟಿದ್ದೀನಿ. ವಿಜಯದಶಮಿಗೆ ಅವ್ನು ಬರ್ತಾನೆ."

"ಆ ಮನೇಲಿ ನೀರೂ ಇಲ್ಲ, ಸರಿಯಾಗಿ ಕರೆಂಟೂ ಇಲ್ಲ ರಾಜಣ್ಣೋರೆ" ಎಂದರು ಅತ್ತೆ.

"ಅದೆಲ್ಲ ಅಲ್ಲಿದ್ಕೊಂಡು ಮಾಡಿಸ್ಕೊಬೇಕಮ್ಮ. ಎದುರಿಗೆ ನಿಂತ್ರೇನೇ ಕೆಲಸ ಆಗೋದು." ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾವೇ ಹಣ್ಣು, ಕಾರ್ಡು ಕೊಟ್ಟು ಕರೆದಿದ್ದೆವು. ಅವರು ನಂಬಿದ್ದರು.

ಗಣಪತಿ ಮುಗಿದ ಮೇಲೆ ಪಿತೃಪಕ್ಷ, ಆಗ ಮನೆ ಬದಲಾಯಿಸುವ ಹಾಗಿಲ್ಲ. ಉಳಿದದ್ದು ನವರಾತ್ರಿಯ ಮೊದಲ ಕೆಲವು ದಿನ. ಮೋಹನ್‌ರ ಕಾರ್ಖಾನೆಯವರೊಬ್ಬರು ಸೋಲದೇವನಹಳ್ಳಿಯ ಈ ಮನೆ ತೋರಿಸಿದರು. ಎರಡು ಕೋಣೆ, ಬಿಸಿಲು ಬಾರದ ಅಡುಗೆಮನೆ. ಗೃಹಪ್ರವೇಶಕ್ಕೆ ಬಂದ ಉಡುಗೊರೆಗಳೆಲ್ಲ ಬಿಚ್ಚದೆ ಹಾಗೇ ಇದ್ದವು: ಗೋಡೆ ಗಡಿಯಾರಗಳು, ಒಂದೇ ಥರದ ಎರಡು ಕುಕ್ಕರು, ಯಾರೋ ಕೊಟ್ಟ "ಸ್ವಾಗತ" ಎಂದು ಬರೆದ ಕಾಲೊರಸು. ಎಲ್ಲವನ್ನೂ ಲಾರಿಗೆ ಹೇರಿಕೊಂಡು ಬಂದೆವು. ಈ ಸಲ ಮನೆಯೊಳಗೆ ಕಾಲಿಡುವಾಗ, "ಬಾಡಿಗೆ ಮನೆ ತಾನೆ, ಸಾಮಾನು ಇಡಿ" ಎಂದರು ಅತ್ತೆ, ಅಷ್ಟೇ. ಹಾಲು ಕಾಯಿಸಿ ಕಾಫಿ ಮಾಡಿದೆವು.

ಅಲ್ಲಿಂದಾಚೆ ಅವರು ಯಲಹಂಕದ ಸುದ್ದಿ ಎತ್ತಲಿಲ್ಲ. ಮಂಡಿಯ ನೋವು ಹೆಚ್ಚಾಗಿತ್ತು. ನಾನೂ ಎತ್ತಲಿಲ್ಲ. ಆದರೆ ದೀಪಾವಳಿಯ ದಿನ ಮಧ್ಯಾಹ್ನ, ಒಬ್ಬಟ್ಟು ಊಟ ಮುಗಿಸಿ ಇವರು ಮಲಗಿದ್ದಾಗ, ಅತ್ತೆ ಸೀರೆ ಬದಲಾಯಿಸಿಕೊಂಡು ನನ್ನ ಹತ್ತಿರ ಬಂದು ನಿಂತರು. "ಹಬ್ಬದ ದಿನವಾದ್ರೂ ಒಂದು ದೀಪ ಇಟ್ಟು ಬರೋಣ ಕಣೇ. ಒಳಗೆ ಬಿಡ್ದೆ ಹೋದ್ರೆ ಗೇಟಿನ ಹತ್ರ ಇಟ್ಟು ಬರೋಣ." ಅವರು ಅಂಥ ಮಾತು ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಆಟೋ ಮಾಡಿಕೊಂಡು ಹೊರಟೆವು.

ಸೈಟಿನಲ್ಲಿ ಸದ್ದಿರಲಿಲ್ಲ, ಕೆಲಸದವರು ಬಹುಪಾಲು ಊರಿಗೆ ಹೋಗಿದ್ದರು. ಹೊಸ ಸೆಕ್ಯುರಿಟಿ ಎಣ್ಣೆಶೀಶೆ ನೋಡಿ ಏನೂ ಕೇಳದೆ ಬಿಟ್ಟ. ಲಿಫ್ಟಿನ ಗುಂಡಿ ಹಾಗೇ ಇತ್ತು. ಅತ್ತೆ ಒಂದೊಂದು ಮಹಡಿಗೂ ಕೂತು, ಸುಧಾರಿಸಿಕೊಂಡು, ಮತ್ತೆ ಎದ್ದರು. ಬೀಗದ ಕೈ ನಮ್ಮ ಹತ್ತಿರ ಇರಲಿಲ್ಲ, ಬಾಗಿಲ ಹೊರಗೆ ಹಚ್ಚಿಟ್ಟು ಇಳಿಯುವುದೆಂದು ಮಾತಾಡಿಕೊಂಡಿದ್ದೆವು.

ಆದರೆ ಬಾಗಿಲು ತೆರೆದಿತ್ತು. ಅಡ್ಡವಾಗಿ ಒಂದು ಹಳೆಯ ಸೀರೆಯ ಪರದೆ. ಹೊರಗೆ ಎರಡು ಜೊತೆ ಚಪ್ಪಲಿ, ಸಗಣಿ ಸಾರಿಸಿ ಎಳೆದ ಚಿಕ್ಕ ರಂಗೋಲಿ. ಒಳಗಿನಿಂದ ಒಗ್ಗರಣೆಯ ಘಮ. ಮಹಡಿ ತಪ್ಪಿ ಹತ್ತಿದೆವೇನೋ ಎಂದು ನಾನು ಗೋಡೆಯ ಮೇಲಿನ ನಂಬರ್ ನೋಡಿದೆ. ತಪ್ಪಿರಲಿಲ್ಲ. ನಾನು ನನ್ನ ಮನೆಯ ಬಾಗಿಲನ್ನು ಎರಡು ಸಲ ತಟ್ಟಿ, "ಒಳಗೆ ಬರಬಹುದಾ?" ಎಂದು ಕೇಳಿದೆ.

ಪರದೆ ಸರಿಸಿ ಬಂದವಳು ಸಣ್ಣ ವಯಸ್ಸಿನ ಹೆಂಗಸು, ಕೈತುಂಬ ಹಸಿರು ಬಳೆ. ಅವಳ ಹಿಂದೆ ನಡುಮನೆಯ ಫ್ಯಾನಿನ ಕೊಕ್ಕೆಗೆ ಸೀರೆಯ ಜೋಲಿ ಕಟ್ಟಿತ್ತು, ಅದರಲ್ಲಿ ಕೂಸು ಮಲಗಿತ್ತು. "ಬರ್ರಿ ಅಕ್ಕಾರ, ಹೊರಗ್ಯಾಕ ನಿಂತೀರಿ? ಬರ್ರಿ ಅಮ್ಮಾರ" ಎಂದು ಚಾಪೆ ಹಾಸಿದಳು. ಹೆಸರು ಶರಣಮ್ಮ, ಯಾದಗಿರಿ ಕಡೆಯವಳು, ಗಂಡ ಟೈಲ್ಸ್ ಕೂರಿಸುವವನು, ಈಗ ಬೇರೆ ಬ್ಲಾಕಿನಲ್ಲಿ ಕೆಲಸ. ಮಳೆಗೆ ಅವರ ಶೆಡ್ಡು ಸೋರುತ್ತಿತ್ತಂತೆ. "ನಾಕನೇದ್ರಾಗ ಇರ್ರಿ, ಆ ಮನಿ ಕೆಲಸ ಮುಗದೈತಿ, ಯಾರೂ ಬರಂಗಿಲ್ಲ ಅಂತ ಮೇಸ್ತ್ರಿ ಹೇಳ್ಯಾನ್ರಿ."

ಅತ್ತೆ ಚಾಪೆಯ ಮೇಲೆ ಕೂತು ಸುತ್ತಲೂ ನೋಡುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಹಣತೆಯೊಂದು ಆಗಲೇ ಉರಿಯುತ್ತಿತ್ತು. ಶರಣಮ್ಮ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟಳು. ಇದು ನಮ್ಮ ಮನೆ ಎಂದು ಹೇಳಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಒತ್ತಿ, "ಮನೆ ನೋಡ್ಕೊಂಡು ಹೋಗೋಣ ಅಂತ ಬಂದ್ವಮ್ಮ" ಎಂದರು.

"ತಗೊಳ್ಳಾಕ ಬಂದೀರೇನ್ರಿ?" ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾ ಹೇಳೀನಿ ಅನಬ್ಯಾಡ್ರಿ. ತಗೋಬ್ಯಾಡ್ರಿ ಅಮ್ಮಾರ. ಮಳಿ ಬಂದ್ರ ಇಲ್ಲೇ ನೀರು ನಿಂದರತಾವ. ಕೂಸಿನ್ನ ಕೆಳಗ ಹಾಕಾಕ ಬರಂಗಿಲ್ಲ."

ಅತ್ತೆ ತಲೆಯಾಡಿಸಿದರು. ಜೋಲಿಯ ಅಂಚು ಸರಿಸಿ ಕೂಸಿನ ಮುಖ ನೋಡಿದರು. ಆಮೇಲೆ ಎಣ್ಣೆಯ ಶೀಶೆಯನ್ನೂ ಬತ್ತಿಯ ಪೊಟ್ಟಣವನ್ನೂ ಅವಳ ಕೈಗೆ ಕೊಟ್ಟು, "ದಿನಾ ಸಂಜೆ ಹಚ್ಚಮ್ಮ. ಹಬ್ಬ ಅಂತಲ್ಲ, ದಿನಾ" ಎಂದರು.

ನಾವು ಏಳುವಾಗ ಶರಣಮ್ಮ "ತಡೀರಿ" ಎಂದು ಒಳಗೆ ಹೋಗಿ ಒಂದು ಚಿಕ್ಕ ಡಬ್ಬಿ ತಂದಳು. "ಹಬ್ಬದ ದಿನ ಮನಿಗೆ ಬಂದೋರು ಹಂಗ ಹೋಗಬಾರ್ದ್ರಿ ಅಕ್ಕಾರ" ಎಂದು ನನ್ನ ಮುಂದೆ ಕುಂಕುಮ ಹಿಡಿದಳು. ನಾನು ತೆಗೆದುಕೊಂಡೆ. ಹಣೆಗಿಟ್ಟುಕೊಂಡೆ. ಬೇರೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಮೆಟ್ಟಿಲುಗಳಲ್ಲಿ ಆಗಲೇ ಮಬ್ಬು. ಅವಳು ಬಾಗಿಲಿಗೆ ಬಂದು, ನಾವು ತಿರುವು ದಾಟುವವರೆಗೂ ಮೊಬೈಲಿನ ಬೆಳಕು ಹಿಡಿದು ನಿಂತಿದ್ದಳು. ಅತ್ತೆ ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಎರಡನೇ ಮಹಡಿಗೆ ಬಂದಾಗ ನಿಂತು ಉಸಿರು ತೆಗೆದುಕೊಂಡರು.

"ಒಳ್ಳೆ ಹುಡುಗಿ" ಎಂದರು. "ಮನೇನ ಚೆನ್ನಾಗಿ ಇಟ್ಕೊಂಡಿದ್ದಾಳೆ."